ಮೀಸೆ ತೆಗೆದವನ ಮೆಚ್ಚಿನ ಹಾಡು

ಕ್ಷೌರಕ್ಕೆ ಕೂತಾಗಲೆಲ್ಲ ನಾನು ಮೇಲ್ತುಟಿಗೆ ಬೆರಳು ಅಡ್ಡ ಹಿಡಿಯುತ್ತೇನೆ. ನನ್ನ ಮೀಸೆ ಕಾಪಾಡಿಕೊಳ್ಳುವಂಥದ್ದೇನಲ್ಲ. ಮಿಡತೆ ಮೇದು ಬಿಟ್ಟ ಸಜ್ಜೆ ಹೊಲದ ಹಾಗಿದೆ. ಆದರೂ ಭಯ. ಮೀಸೆ ಹೋದರೆ ಏನಾಗುತ್ತದೆಂದು ಕಣ್ಣಾರೆ ಕಂಡವನು ನಾನು.

ನಾಟಕದ ರಾಣಿ ಪಾತ್ರಗಳಲ್ಲಿ ಹೆಸರು ಮಾಡಿರುವ ಕದಿರಪ್ಪ ನನ್ನ ಗೆಳೆಯ. ಮೊಳಕಾಲ್ಮೂರಿನ ನೇಕಾರರ ಮನೆಯವನು. ಅವನ ಜೀವನಚರಿತ್ರೆ ಕೇಳಲು ಬಂದವರೆಲ್ಲ ಕೊನೆಗೆ, ನಿಮಗೆ ಮೆಚ್ಚಿನ ಸಂಗೀತ ಯಾವುದು ಎನ್ನುತ್ತಾರೆ. "ನಮ್ಮಪ್ಪ ಹೋದ್ರು ಅಂತ ನಮ್ಮವ್ವ ಹಾಡ್ಕೊಂಡು ಅತ್ತಿದ್ದು" ಎನ್ನುತ್ತಾನೆ. ಪಾಪ, ಅವರು ಮರುಕದಿಂದ ತಲೆ ತಗ್ಗಿಸುತ್ತಾರೆ. ಅಪ್ಪ ಹೋಗಿರಲೇ ಇಲ್ಲವೆಂಬುದು ಅವರಿಗೇನು ಗೊತ್ತು!

ಆಗ ಚಳ್ಳಕೆರೆಯಲ್ಲಿ ಬೀಡುಬಿಟ್ಟಿದ್ದ ನಾಟಕ ಕಂಪನಿಯೊಂದಕ್ಕೆ ರಾಣಿ ಬೇಕಾಗಿತ್ತು. ಕದಿರಪ್ಪನ ದನಿಗೆ ಮನಸೋತ ಯಜಮಾನರು ನಿಂತ ನಿಲುವಿನಲ್ಲೇ ಮೀಸೆ ತೆಗೆಸಿ, ಸೀರೆ ಉಡಿಸಿ ನೋಡಿದರು. "ಅಪ್ಪನ ಒಪ್ಪಿಗೆ ತಗೊಂಡು ಬಾ, ಪಾತ್ರ ನಿಂದೇ" ಎಂದರು. ಮಗ್ಗ ಬಿಟ್ಟು ಹೆಣ್ಣುವೇಷ ಹಾಕುತ್ತೇನೆಂದರೆ ಅಪ್ಪ ಒಪ್ಪಿಯಾರೇ? ಧೈರ್ಯಕ್ಕಿರಲೆಂದು ಕದಿರಪ್ಪ ನನ್ನನ್ನು ಕರೆದುಕೊಂಡು ಹೊರಟ. ಧೈರ್ಯಕ್ಕೆ ನನ್ನನ್ನು ಆರಿಸಿಕೊಂಡದ್ದರಲ್ಲೇ ಅವನ ಬುದ್ಧಿ ತಿಳಿಯುತ್ತದೆ. ಗಾಡಿಯಲ್ಲಿ ದಾರಿಯುದ್ದಕ್ಕೂ ನಾನು ಚಿಂತಿಸಿದೆ: ಅಪ್ಪನ ಕೋಪ, ಅಪ್ಪನ ಕೈ, ಆ ಕೈಗೆ ಸಿಗಬಹುದಾದ ಕೋಲು. ಮೀಸೆಯೊಂದನ್ನು ಬಿಟ್ಟು ಎಲ್ಲವನ್ನೂ.

ಅಪ್ಪ ಬದುಕಿರುವಾಗ ನಮ್ಮ ಕಡೆ ಯಾರೂ ಮೀಸೆ ತೆಗೆಯುವುದಿಲ್ಲ. ತೀರಿಕೊಂಡ ಮೇಲೆ ಕರ್ಮಕ್ಕೆ ಕೂರುವ ಮಗ ತೆಗೆಸುತ್ತಾನೆ. ಕದಿರಪ್ಪನ ಅಪ್ಪ ತಿಪ್ಪಯ್ಯನವರು ಮಾರುವ ಸೀರೆಗಳ ಗಂಟು ಹೊತ್ತು ಚಳ್ಳಕೆರೆ ಕಡೆಗೇ ಹೋಗಿದ್ದು ನಮಗೆ ತಿಳಿದಿರಲಿಲ್ಲ.

ಬಾಗಿಲಲ್ಲಿ ಅವನ ಅವ್ವ ಮಗನ ಮುಖ ನೋಡಿದರು. ಕೈಯಲ್ಲಿದ್ದ ಚೆಂಬು ಜಾರಿತು.

"ಅಯ್ಯೋ ದೇವುಡಾ! ನಂಗೊಂದು ಮಾತು ಹೇಳ್ದೆ ನಿಮ್ಮಪ್ಪನ್ನ ಅಲ್ಲೇ ಮಣ್ಣು ಮಾಡಿ ಬಂದ್ಯೇನೋ?"

"ಅವ್ವಾ, ಯಾರೂ ಹೋಗಿಲ್ಲ! ಇದು ನಾಟಕಕ್ಕೆ..."

"ಇನ್ನೆಲ್ಲಿ ನಾಟಕಾನೋ, ಮನೇನೇ ಮುಳುಗೈತೆ!"

ಆಕೆಯ ಅಳು ಎಷ್ಟು ಖಚಿತವಾಗಿತ್ತೆಂದರೆ, ತಿಪ್ಪಯ್ಯನವರು ನಿಜಕ್ಕೂ ಹೋದರೇನೋ ಎಂದು ನನಗೂ ಅಳು ಬಂತು. ಅದೇ ಆಕೆಗೆ ಸಾಕ್ಷಿಯಾಯಿತು. ಕುಸಿದು ಕೂತು ಹಾಡತೊಡಗಿದರು.

ಶೋಕಕ್ಕೆ ಮುಖಾರಿ ರಾಗವೇ ಸರಿ ಎನ್ನುತ್ತಾರೆ ಸಂಗೀತ ಬಲ್ಲವರು. ಆಕೆ ಹಾಡಿದ್ದಕ್ಕೆ ಶಾಸ್ತ್ರದಲ್ಲಿ ಹೆಸರಿರಲಾರದು. ಗಂಡ ತನಗೆಂದೇ ನೇಯ್ದ ಸೀರೆಯ ಅಂಚು, ಜ್ವರದಲ್ಲಿ ಕಾಯಿಸಿಕೊಟ್ಟ ಗಂಜಿ, ಎಂದೋ ಬಾಯ್ತಪ್ಪಿ ಹೊಗಳಿದ ಸಾರು, ಎಲ್ಲವೂ ರಾಗವಾಗಿ ಬಂದವು. ಅಷ್ಟರಲ್ಲಿ ನಾನು ಬಾಗಿಲ ಕಡೆ ನೋಡಿ ತಣ್ಣಗಾದೆ. ಗಂಟು ಹೊತ್ತ ದೆವ್ವವೊಂದು ನಿಂತಿತ್ತು. ಕಿರುಚಲು ಬಾಯಿ ತೆರೆದೆ. ದೆವ್ವ ತುಟಿಗೆ ಬೆರಳಿಟ್ಟು ನನ್ನನ್ನು ಸುಮ್ಮನಿರಿಸಿ, ಜಗುಲಿಯ ಮೇಲೆ ಕೂತು ಕೇಳತೊಡಗಿತು.

ಆಕೆ ಉಸಿರಿಗೆಂದು ನಿಲ್ಲಿಸಿದಾಗ ತಿಪ್ಪಯ್ಯನವರು ಕೆಮ್ಮಿದರು. "ಏನೇ, ಇಷ್ಟೆಲ್ಲ ಐತಾ ನಿನ್ ಮನಸ್ನಾಗೆ? ದಿನಾ ಸೋಂಬೇರಿ ಅಂತ ಬೈತಿದ್ಯಲ್ಲೇ!"

ಆಕೆ ತಿರುಗಿದರು. ಮುಖದ ದುಃಖವೆಲ್ಲ ಒಂದೇ ಗಳಿಗೆಯಲ್ಲಿ ಸಿಟ್ಟಾಯಿತು. "ಬದ್ಕಿದ್ದೋರು ಬಾಯ್ ಮುಚ್ಕೊಂಡು ಕೇಳ್ತಾ ಕುಂತಿದ್ರಾ?"

ತಿಪ್ಪಯ್ಯನವರು ಮಗನ ಬೋಳು ತುಟಿಯನ್ನು ಬಹಳ ಹೊತ್ತು ನೋಡಿದರು. ನಾನು ಕೋಲು ಎಲ್ಲಿದೆಯೆಂದು ಹುಡುಕಿದೆ. ಕದಿರಪ್ಪ ವಿಷಯ ಹೇಳಿದ.

"ಲೇ, ಆ ರಾಣಿ ನಾಟಕದಾಗೆ ಅಳ್ತಾಳೇನೋ?"

"ಹ್ಞೂಂ ಅಪ್ಪಾ. ಗಂಡ ಸತ್ತಾಗ."

"ಹಂಗಾರೆ ಹೋಗು. ನಿಮ್ಮವ್ವ ಅತ್ತಂಗೇ ಅಳ್ಬೇಕು. ಒಂಚೂರು ಕಮ್ಮಿಯಾದ್ರೂ ಮನೆಗೆ ಬರ್ಬೇಡ."

ಆಮೇಲೆ ಕದಿರಪ್ಪನ ನಾಟಕ ಹತ್ತಿರದಲ್ಲಿ ಎಲ್ಲೇ ಇದ್ದರೂ ತಿಪ್ಪಯ್ಯನವರು ಹೆಂಡತಿಯೊಂದಿಗೆ ಮುಂದೆಯೇ ಕೂರುತ್ತಿದ್ದರು. ರಾಣಿ ಅತ್ತರೆ ಊರೆಲ್ಲ ಅಳುತ್ತಿತ್ತು. ತಿಪ್ಪಯ್ಯನವರೊಬ್ಬರು ಮಾತ್ರ ಹೊಗಳಿಸಿಕೊಂಡವರಂತೆ ಬೀಗುತ್ತಿದ್ದರು. ಪಕ್ಕದಲ್ಲಿ ಆಕೆ ಮುಖಕ್ಕೆ ಸೆರಗು ಅಡ್ಡ ಹಿಡಿದು, "ಸಾಕು, ಸುಮ್ಕಿರ್ರೀ" ಎಂದು ಗದರುತ್ತಿದ್ದರು.