ನೀವು ಮಾರುವಾಗ ನಾನೂ ಮಾರ್ತೇನೆ

ಬಿಸಿ ಸಾಂಬಾರ್ ಬಿದ್ದ ಕೂಡಲೇ ಆ ಪಾರ್ಸೆಲ್ ಡಬ್ಬಿಯಿಂದ ಒಂದು ವಾಸನೆ ಏಳುತ್ತದೆ. ಕಬ್ಬಿನ ಹಾಲಿನ ಗಾಡಿಯ ಪಕ್ಕದಲ್ಲಿ ಮಳೆಗೆ ನೆನೆದು ಬಿದ್ದ ಸಿಪ್ಪೆಯ ರಾಶಿ ಇರುತ್ತದಲ್ಲ, ಅದೇ ವಾಸನೆ. ಕಳೆದ ಭಾನುವಾರ ಮಗಳು ಮೊಬೈಲಿನಲ್ಲಿ ಇಡ್ಲಿ ವಡೆ ತರಿಸಿದ್ದಳು. ಸಾಂಬಾರನ್ನು ಇಡ್ಲಿಯ ಮೇಲೆ ಸುರಿದಳು, ಆ ವಾಸನೆ ಮೂಗಿಗೆ ಬಡಿಯಿತು, ಅಷ್ಟೇ. ಏನು ಮಾಡುತ್ತಿದ್ದೇನೆಂದು ನನಗೇ ತಿಳಿಯುವ ಮೊದಲು ಎಲ್ಲವನ್ನೂ ತಾಟಿಗೆ ಬಗ್ಗಿಸಿ, ಡಬ್ಬಿಯ ತಳವನ್ನು ಉಗುರಿನಿಂದ ಕೆರೆಯುತ್ತಿದ್ದೆ.

“ಮಮ್ಮಿ, ಫಿರ್ ಸೇ?” ಎಂದಳು ಮಗಳು, ಮತ್ತೆ ಶುರುವಾಯಿತೇ ಎಂಬಂತೆ. ಅವಳಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಮಾತ್ರ ಹಿಂದಿ.

“ಏನಿಲ್ಲವಾ, ಗಟ್ಟಿ ಐತೇನ ನೋಡಾಕತ್ತಿದ್ನಿ” ಎಂದೆ. ಸುಳ್ಳು. ನಾನು ಹುಡುಕುತ್ತಿದ್ದದ್ದು ಪೊರೆಯನ್ನು. ಇಂಥ ಡಬ್ಬಿ ಎಲ್ಲಿ ಕಂಡರೂ ಕೆರೆದು ನೋಡುವ ಹುಚ್ಚು ನನಗೆ ಹತ್ತಿ ಕೆಲವು ವರ್ಷಗಳಾದವು. ಅದನ್ನು ಕಲಿಸಿಕೊಟ್ಟವರು ಈಗಿಲ್ಲ.

ಸಾಂತಾಕ್ರೂಜ್ ಸ್ಟೇಷನ್ನಿನ ಹತ್ತಿರ ಒಂದು ಹಳೇ ಬಿಲ್ಡಿಂಗಿನ ಮೊದಲ ಮಾಳಿಗೆಯಲ್ಲಿ ನಮ್ಮ ಆಫೀಸಿತ್ತು. ಆಫೀಸೆಂದರೆ ಎರಡು ಕಂಪ್ಯೂಟರು, ಮೂರು ಕುರ್ಚಿ, ಕಿರಗುಟ್ಟುವ ಒಂದು ಫ್ಯಾನು. ಗಿರಾಕಿಗಳ ಪರವಾಗಿ ಷೇರು ಕೊಳ್ಳುವುದು, ಮಾರುವುದು ನಮ್ಮ ಕೆಲಸ. ಕೆಳಗೆ ಉಡುಪಿ ಹೋಟೆಲು. ಅದರ ಪಾರ್ಸೆಲ್ ಕೌಂಟರಿನಲ್ಲಿ ಮೂವತ್ತು ವರ್ಷಗಳಿಂದ ನಿಂತಿದ್ದ ಒಬ್ಬರಿದ್ದರು. ಊರು ಕುಂದಾಪುರದ ಕಡೆ. ಸಂಸಾರ ಊರಲ್ಲೇ, ಇವರ ವಾಸ ಹೋಟೆಲಿನ ಅಟ್ಟದ ಮೇಲೆ. ನಾನು ಅವರನ್ನು ಪಾರ್ಸೆಲ್ ಕಾಕಾ ಎನ್ನುತ್ತಿದ್ದೆ. ನಮ್ಮಪ್ಪ ಬಾಗಲಕೋಟೆ ಕಡೆಯಿಂದ ಬಂದು ಜೋಗೇಶ್ವರಿಯಲ್ಲಿ ಗೋಡೆ ಕಟ್ಟುವ ಗವಂಡಿ ಕೆಲಸ ಮಾಡಿದವನು, ನಮಗೆ ಹಿರಿಯ ಗಂಡಸರೆಲ್ಲ ಕಾಕಾಗಳೇ. ಅವರಿಗೆ ನಾನು ಮೊದಲು ಮೇಡಂ ಆಗಿದ್ದೆ, ಕನ್ನಡದವಳೆಂದು ಗೊತ್ತಾದ ದಿನದಿಂದ ತಂಗಿಯಾದೆ.

ನಿಂತಿದ್ದರು ಎಂದೆನಲ್ಲ, ಅದು ಬರೀ ಮಾತಿಗೆ ಹೇಳಿದ್ದಲ್ಲ. ಆ ಕೌಂಟರು ಎದೆಮಟ್ಟಕ್ಕಿತ್ತು. ಕೂತರೆ ಸಾಂಬಾರಿನ ಪಾತ್ರೆಗೆ ಕೈ ಎಟುಕುತ್ತಿರಲಿಲ್ಲ. ಬೆಳಿಗ್ಗೆ ಆರಕ್ಕೆ ನಿಂತರೆ ನಡುವೆ ಊಟದ ಅರ್ಧ ಗಂಟೆ ಬಿಟ್ಟು ರಾತ್ರಿಯವರೆಗೂ ನಿಂತೇ ಇರುವುದು. ಮೊಣಕಾಲ ಕೆಳಗೆ ನರಗಳು ಗಂಟುಗಂಟಾಗಿ ಉಬ್ಬಿದ್ದವು, ಅದಕ್ಕೆ ಪ್ಯಾಂಟಿನ ಒಳಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದರು. ಅವರಿಗಿದ್ದದ್ದು ಒಂದೇ ಆಸೆ, ಕೂತು ಮಾಡುವ ಕೆಲಸ. ವಡಾಲದಲ್ಲಿ ಅವರ ಹೆಂಡತಿಯ ಅಣ್ಣನಿಗೆ ಕಾಫಿಪುಡಿ ಅಂಗಡಿ ಇತ್ತು. ಪಾಲಿನ ಹಣ ಹಾಕಿದರೆ ಇವರನ್ನೂ ಸೇರಿಸಿಕೊಳ್ಳುತ್ತೇನೆಂದು ಆತ ಹೇಳಿದ್ದ. ಬೀಜ ಹುರಿಯುವುದು ಆಳುಗಳು, ಇವರು ತಕ್ಕಡಿಯ ಹಿಂದೆ ಸ್ಟೂಲಿನ ಮೇಲೆ ಕೂತು ಪುಡಿ ತೂಗಿದರಾಯಿತು. “ಸ್ಟೂಲು ಉಂಟು ತಂಗಿ, ನಾನೇ ನೋಡಿ ಬಂದಿದ್ದೇನೆ. ಒರಗ್ಲಿಕ್ಕೆ ಗೋಡೆಯೂ ಉಂಟು” ಎನ್ನುತ್ತಿದ್ದರು. ಗೋಡೆಯ ವಿಷಯ ಹೇಳುವಾಗ ಅವರ ಮುಖ ನೋಡಬೇಕಿತ್ತು.

ಸರಕಾರ ಪ್ಲಾಸ್ಟಿಕ್ ಥೈಲಿ, ಡಬ್ಬಿ ಬಂದ್ ಮಾಡಿದ ಮೇಲೆ ಹೋಟೆಲಿಗೆ ಕಬ್ಬಿನ ಸಿಪ್ಪೆಯ ಡಬ್ಬಿಗಳು ಬರತೊಡಗಿದವು. ಮಣ್ಣಿಗೆ ಹಾಕಿದರೆ ಕರಗಿಹೋಗುತ್ತವಂತೆ. ಕಾಕಾ ಯಾರ ಮಾತನ್ನೂ ನಂಬಲಿಲ್ಲ. ಕುದಿಯುವ ಸಾಂಬಾರನ್ನು ಡಬ್ಬಿಗೆ ಸುರಿದು, ಹಳೇ ಪೇಪರಿನ ಮೇಲಿಟ್ಟು, ಗಡಿಯಾರ ನೋಡುವರು. ಅರ್ಧ ಗಂಟೆಯ ನಂತರ ಡಬ್ಬಿ ಎತ್ತಿ ಪೇಪರಿನಲ್ಲಿ ಒದ್ದೆ ಉಂಟೋ ಎಂದು ಬೆರಳಾಡಿಸುವರು. ನಾಲ್ಕು ಕಂಪನಿಯ ಡಬ್ಬಿ ಸೋತವು, ಒಂದು ಗೆದ್ದಿತು. ಆಮೇಲೆ ಒಂದು ದಿನ ಅದರ ರಟ್ಟಿನ ಪೆಟ್ಟಿಗೆಯ ಚೂರು ಹರಿದು ತಂದು, ಮೇಲಿದ್ದ ಹೆಸರು ತೋರಿಸಿ, ಈ ಕಂಪನಿಯ ಷೇರು ಸಿಗುತ್ತದಾ ಎಂದು ಕೇಳಿದರು.

ಸಿಗುತ್ತಿತ್ತು. ಒಂದು ಪ್ಲೇಟ್ ವಡೆಗಿಂತ ಕಡಿಮೆ ಬೆಲೆಗೆ. “ಭಾಳ ಸಣ್ಣ ಕಂಪನಿ ಐತ್ರಿ ಕಾಕಾ. ಇವತ್ತು ಐತಿ, ನಾಳೆ ಇರೂದಿಲ್ಲ. ಇಂಥಾದ್ರಾಗ ರೊಕ್ಕ ಹಾಕಿದ್ರ ನಿದ್ದಿ ಬರೂದಿಲ್ಲ” ಎಂದೆ. ಅವರು ನಕ್ಕರು. “ಕಂಪನಿ ನನಗೆ ಗೊತ್ತಿಲ್ಲ ಮಾರಾಯ್ತಿ, ಡಬ್ಬಿ ಗೊತ್ತುಂಟು.” ಕೂಡಿಟ್ಟದ್ದನ್ನೆಲ್ಲ ಹಾಕಿದರು. ಅವರ ಧೈರ್ಯ ನೋಡಿ ನನಗೂ ಆಸೆ ಹುಟ್ಟಿತು. ಅವ್ವ ಬಿಟ್ಟುಹೋದ ಬಂಗಾರ ಮಾರಿ, ಮನೆಯವರಿಗೆ ಹೇಳದೆ, ನಾನೂ ಅದೇ ಷೇರು ಕೊಂಡೆ.

ಅದು ಏರಿತು. ವರ್ಷದ ಮೇಲೆ ಏರುತ್ತಲೇ ಹೋಯಿತು. ನಾನು ಸಂಜೆ ಇಡ್ಲಿ ಕಟ್ಟಿಸಿಕೊಳ್ಳಲು ಇಳಿದಾಗ ಕಾಕಾ ಹುಬ್ಬೆತ್ತುವರು, ನಾನು ಹೆಬ್ಬೆರಳೆತ್ತುವೆ. ಅಷ್ಟೇ ನಮ್ಮ ವಹಿವಾಟಿನ ಭಾಷೆ. ಇನ್ನೊಂದು ಸ್ವಲ್ಪ ಏರಿದರೆ ವಡಾಲದ ಸ್ಟೂಲು ಅವರದು... ಆ ದಿನಗಳಲ್ಲಿ ಅವರು ಕಟ್ಟುವ ದಾರದ ಗಂಟು ಕೂಡ ಬೇಗ ಬೇಗ ಬೀಳುತ್ತಿತ್ತು.

ಒಂದು ಮಧ್ಯಾಹ್ನ, ಹೋಟೆಲು ಸ್ವಲ್ಪ ತಣ್ಣಗಾಗುವ ಹೊತ್ತಿಗೆ, ಅವರು ಕಂಬಿ ಹಿಡಿದು ಮೆಟ್ಟಿಲು ಹತ್ತಿ ಬಂದರು. ಅದಕ್ಕೂ ಮುಂಚೆ ಒಂದೆರಡು ಸಹಿಗೆ ಬಿಟ್ಟರೆ ಮೇಲೆ ಬಂದವರಲ್ಲ. ಪೇಪರ್ ನ್ಯಾಪ್ಕಿನ್ನಿನ ಮಡಿಕೆ ಬಿಚ್ಚಿ ನನ್ನ ಮುಂದಿಟ್ಟರು. ಒಳಗೆ ತೆಳ್ಳನೆಯ, ಹಾಲಿನ ಕೆನೆಯಂಥ ಒಂದು ಪೊರೆ. ಎಳೆದರೆ ಹರಿಯುತ್ತಿರಲಿಲ್ಲ.

“ಹೊಸ ಮಾಲಿನದ್ದು ತಂಗಿ. ಡಬ್ಬಿಯ ತಳಕ್ಕೆ ಉಗುರು ಹಾಕಿದ್ರೆ ಎದ್ದು ಬರ್ತದೆ. ಒಲೆಗೆ ಹಿಡಿದು ನೋಡಿದೆ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ. ಮೇಲೆ ಮಣ್ಣಲ್ಲಿ ಕರಗ್ತದೆ ಅಂತ ಬರೀತಾರೆ, ಒಳಗೆ ಇದನ್ನು ಅಂಟಿಸ್ತಾರೆ. ಇವರದ್ದು ಹೆಚ್ಚು ದಿನ ನಡೀಲಿಕ್ಕಿಲ್ಲ. ಮಾರಿಬಿಡುವ, ಅಲ್ವಾ?”

“ಗಡಿಬಿಡಿ ಮಾಡಬ್ಯಾಡ್ರಿ ಕಾಕಾ. ಎರಡು ದಿನ ನೋಡೂಣು” ಎಂದೆ.

ಇಲ್ಲಿಂದ ಮುಂದಿನದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಅವರ ಮಾತು ನಿಜವೆಂದು ಆ ಕ್ಷಣಕ್ಕೇ ನನಗೆ ಗೊತ್ತಾಗಿತ್ತು. ಆದರೆ ಅಷ್ಟು ಸಣ್ಣ ಷೇರಿಗೆ ದಿನಕ್ಕೆ ಕೊಳ್ಳುವವರೇ ನಾಲ್ಕು ಜನ. ಇಬ್ಬರೂ ಒಟ್ಟಿಗೆ ಮಾರಲು ಹೋದರೆ ಬೆಲೆ ಜಾರುತ್ತದೆ. ಮೊದಲು ನನ್ನದು ಹೋಗಲಿ, ಅವರದನ್ನು ನಾಳೆ ಮಾರಿದರಾಯಿತು ಎಂದುಕೊಂಡೆ. ಮರುದಿನ ಬೆಳಿಗ್ಗೆ ಬಜಾರು ತೆರೆಯುತ್ತಲೇ ನನ್ನದಷ್ಟನ್ನೂ ಮಾರಿದೆ. ಅವ್ವನ ಬಂಗಾರ ಎರಡರಷ್ಟಾಗಿ ವಾಪಸು ಬಂತು. ಕಳ್ಳತನವಲ್ಲ, ಬರೀ ಒಂದು ದಿನದ ಹಿಂದುಮುಂದು ಎಂದು ನನಗೆ ನಾನೇ ಹೇಳಿಕೊಂಡೆ. ಅಂದು ಸಂಜೆ ಅವರು ಹುಬ್ಬೆತ್ತಿದಾಗ ಹೆಬ್ಬೆರಳನ್ನೂ ಎತ್ತಿದೆ.

ನಾಳೆ ಎಂಬುದು ಬರಲಿಲ್ಲ. ಯಾರೋ ದೊಡ್ಡ ಗಿರಾಕಿ ಡಬ್ಬಿಯಲ್ಲಿ ಪ್ಲಾಸ್ಟಿಕ್ ಇದೆಯೆಂದು ಮಾಲನ್ನೆಲ್ಲ ಹಿಂದಕ್ಕೆ ಕಳಿಸಿದ್ದರು, ಸುದ್ದಿ ಬೆಳಗಾಗುವುದರೊಳಗೆ ಹಬ್ಬಿತ್ತು. ಒಂದು ದಿನದಲ್ಲಿ ಷೇರು ಇಷ್ಟಕ್ಕಿಂತ ಕೆಳಗೆ ಬೀಳಬಾರದೆಂದು ಒಂದು ಗೆರೆ ಇರುತ್ತದೆ. ಬಜಾರು ತೆರೆದ ಕೂಡಲೇ ಬೆಲೆ ಆ ಗೆರೆಗೆ ಬಡಿದು ನಿಂತುಬಿಡುತ್ತಿತ್ತು. ಮಾರುವವರ ಸಾಲು ಹನುಮಂತನ ಬಾಲ, ಕೊಳ್ಳುವವರು ಒಬ್ಬರೂ ಇಲ್ಲ. ದಿನಾ ಇದೇ. ನಾನು ದಿನಾ ಅವರದನ್ನು ಮಾರಾಟಕ್ಕಿಡುತ್ತಿದ್ದೆ, ಸಂಜೆ ಅದು ಹಾಗೇ ವಾಪಸು ಬರುತ್ತಿತ್ತು.

ವಿಷಯ ಹೇಳಿದ ದಿನ ಅವರು ಕೈಯಲ್ಲಿದ್ದ ದಾರವನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು. ಆಮೇಲೆ ಕೇಳಿದರು, “ನಿಮ್ಮದು?”

“ನಂದೂ ಅದರಾಗ ಐತ್ರಿ” ಎಂದೆ.

“ಛೆ ಛೆ ಛೆ... ನಾನು ನಿಮಗೆ ಆ ಡಬ್ಬಿ ತೋರಿಸಲೇಬಾರದಿತ್ತು.” ಅವರ ಕಣ್ಣಲ್ಲಿ ನೀರು ಬಂದದ್ದು ಆಗ. ತಮ್ಮದು ಹೋಯಿತೆಂದಾಗ ಬಂದಿರಲಿಲ್ಲ.

ಆ ದಿನದಿಂದ ನನ್ನ ಇಡ್ಲಿ ಪಾರ್ಸೆಲಿನ ಮೇಲೆ ಬಾಳೆಲೆಯ ಚೂರಿನಲ್ಲಿ ಸುತ್ತಿದ ಒಂದು ವಡೆ ಬರತೊಡಗಿತು. ನಾನು ಹೇಳಿಲ್ಲವಲ್ಲ ಎಂದರೆ, “ಇರಲಿ, ಬಿಸಿ ಉಂಟು, ಟ್ರೇನಿನಲ್ಲೇ ತಿನ್ನಿ” ಎನ್ನುವರು. ಹೋಟೆಲಿನದು, ಹೋದರೆ ಮಾಲೀಕನದು ಹೋಗುತ್ತದೆ ಎಂದುಕೊಂಡು, ಜೋಗೇಶ್ವರಿ ಬರುವುದರೊಳಗೆ ಮುಗಿಸಿಬಿಡುತ್ತಿದ್ದೆ. ರುಚಿಯಾಗಿಯೇ ಇರುತ್ತಿತ್ತು, ನಾಚಿಕೆಗೆಟ್ಟ ನಾಲಿಗೆ.

ಕೆಲವು ವಾರಗಳ ನಂತರ ಕಾಲು ಬೆಲೆಗೆ ಕೊಳ್ಳುವವರು ಬಂದರು. ನಾನು ಓಡಿ ಕೆಳಗಿಳಿದೆ. “ಕಾಕಾ, ಮಾರಿಬಿಡ್ರಿ. ಬಂದಷ್ಟು ಬರಲಿ.” ಆಗಲೂ ಸ್ಟೂಲು ಕೈತಪ್ಪಿರಲಿಲ್ಲ. ಇದ್ದಷ್ಟು ಈಗ ಕೊಡು, ಉಳಿದದ್ದು ದುಡಿದು ತೀರಿಸು ಎಂದು ವಡಾಲದವನು ಹೇಳಿಕಳಿಸಿದ್ದ.

“ನಿಮ್ಮದು ಮಾರಿದ್ರಾ?” ಎಂದರು ಕಾಕಾ.

ಹೂಂ ಎಂದಿದ್ದರೆ ಸಾಕಿತ್ತು. ಯಾವಾಗ ಎಂದು ಕೇಳುವವರೇ ಅಲ್ಲ ಅವರು. ಆದರೆ ಕೇಳಿಬಿಟ್ಟರೆ? ತಾರೀಕು ಗೊತ್ತಾಗಿಬಿಟ್ಟರೆ? ನನ್ನ ಕಳ್ಳ ಮನಸ್ಸು ನನಗಿಂತ ಮುಂಚೆ ಉತ್ತರ ಕೊಟ್ಟಿತು. “ಇಲ್ರೀ.”

“ಹಾಗಾದ್ರೆ ನಂದೂ ಇರಲಿ. ನಿಮ್ಮನ್ನು ಹೊಂಡಕ್ಕೆ ಇಳಿಸಿದ್ದು ನಾನು. ನಿಮ್ಮನ್ನು ಅಲ್ಲಿಯೇ ಬಿಟ್ಟು ನಾನೊಬ್ಬ ಹತ್ತಿ ಬರ್ಲಿಕ್ಕೆ ಆಗ್ತದಾ? ನೀವು ಮಾರುವಾಗ ನಾನೂ ಮಾರ್ತೇನೆ.”

ನಾನು ಬೈದೆ, ಗೋಗರೆದೆ, ವಡಾಲದ ಗೋಡೆಯ ನೆನಪು ಮಾಡಿಕೊಟ್ಟೆ. ಅವರು ಪಾರ್ಸೆಲ್ ಕಟ್ಟುತ್ತಲೇ ಇದ್ದರು. ಒಂದು ವಾರ ಹೀಗೇ ಹೋಯಿತು. ಸೋಮವಾರ ಏನಾದರಾಗಲಿ, ನಿಜ ಹೇಳಿಬಿಡುವುದೆಂದು ಮನಸ್ಸು ಗಟ್ಟಿಮಾಡಿಕೊಂಡೆ. ಅದಕ್ಕೂ ಮುಂಚೆ, ಶುಕ್ರವಾರವೇ, ಷೇರು ಬಜಾರಿನವರು ಆ ಷೇರಿನ ವಹಿವಾಟನ್ನೇ ನಿಲ್ಲಿಸಿದರು. ಇನ್ನು ಮಾರುವ ಹಾಗೂ ಇಲ್ಲ, ಕೊಳ್ಳುವ ಹಾಗೂ ಇಲ್ಲ. ವಡಾಲದ ಸ್ಟೂಲಿನ ಮೇಲೆ ಬೇರೆ ಯಾರೋ ಬಂದು ಕೂತರು.

ಕಾಕಾ ನಿಂತೇ ಇದ್ದರು. ಎರಡು ವರ್ಷ. ನಾನು ನಿಜ ಹೇಳಬೇಕೆಂದು ಮೆಟ್ಟಿಲಿಳಿದ ದಿನಗಳಿಗೆ ಲೆಕ್ಕವಿಲ್ಲ. ಇಳಿದಾಗಲೆಲ್ಲ ಕೈಗೆ ವಡೆ ಬರುತ್ತಿತ್ತು, ಬಾಯಿ ಮುಚ್ಚಿಹೋಗುತ್ತಿತ್ತು...

ಮಗಳ ಪರೀಕ್ಷೆಗೆಂದು ಹದಿನೈದು ದಿನ ರಜೆ ಹಾಕಿ ಮರಳಿದಾಗ ಕೌಂಟರಿನಲ್ಲಿ ಬೇರೆ ಯಾರೋ ಇದ್ದರು. ಕ್ಯಾಷಿಯರ್ ಕಾಕಾನ ಊರ ಕಡೆಯವರೇ, ಅವರು ಹೇಳಿದರು. ಬೆಳಗಿನ ಗಲಾಟೆಯ ಹೊತ್ತಿನಲ್ಲಿ ಕಾಕಾ ಇದ್ದಕ್ಕಿದ್ದಂತೆ ಕೌಂಟರಿನ ಹಿಂದೆ ನೆಲಕ್ಕೆ ಕೂತರಂತೆ. ದಾರದ ಉಂಡೆ ಬಿದ್ದಿರಬೇಕು, ಹುಡುಕುತ್ತಿದ್ದಾರೆ ಎಂದುಕೊಂಡರಂತೆ ಎಲ್ಲರೂ. ಗಿರಾಕಿಗಳು ಕೂಗುತ್ತಲೇ ಇದ್ದರಂತೆ. ಯಾರೋ ಬಗ್ಗಿ ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೂವತ್ತು ವರ್ಷದಲ್ಲಿ ಅವರು ಅಲ್ಲಿ ಕೂತದ್ದು ಅದೊಂದೇ ಸಲ.

“ನನಗ ದಿನಾ ಒಂದು ವಡಿ ಇಟ್ಟು ಕೊಡ್ತಿದ್ರು” ಎಂದೆ.

“ಅದು ಅವನ ವಡೆ ಮೇಡಂ” ಎಂದರು ಕ್ಯಾಷಿಯರ್. “ಸಂಜೆ ಚಾಯದ ಜೊತೆ ನಮಗೆಲ್ಲ ಒಂದೊಂದು ವಡೆ ಉಂಟಲ್ಲ, ಅದು. ಎರಡು ವರ್ಷ ಅವ ತಿನ್ಲಿಲ್ಲ. ಕೇಳಿದ್ರೆ, ‘ನನ್ನ ಮಾತು ನಂಬಿ ಆ ತಂಗಿ ಮುಳುಗಿದ್ರು, ನನ್ನಿಂದ ಆಗುವುದು ಇಷ್ಟೇ’ ಅಂತಿದ್ದ.”

ಆ ತಿಂಗಳೇ ನಾನು ಆ ಆಫೀಸು ಬಿಟ್ಟೆ. ಬಿಟ್ಟರೇನು? ಇವತ್ತಿಗೂ ಲೋಕಲ್ ಟ್ರೇನು ಸಾಂತಾಕ್ರೂಜ್‌ನಲ್ಲಿ ನಿಂತಾಗ ಕಿಟಕಿಯ ಕಡೆ ತಿರುಗುವುದಿಲ್ಲ. ಗದ್ದಲದ ನಡುವೆ ಯಾರೋ “ತಂಗೀ” ಎಂದಂತಾಗುತ್ತದೆ. ಯಾವ ಹೋಟೆಲಿನಲ್ಲಾದರೂ ಪಾರ್ಸೆಲ್ ಕಟ್ಟುವವನ ಬೆನ್ನು ಕಂಡರೆ, ಅವನು ಈಗ ತಿರುಗಿ ಹುಬ್ಬೆತ್ತುತ್ತಾನೆಂದು ಹೆದರಿ ಹೊರಗೆ ಬಂದುಬಿಡುತ್ತೇನೆ. ಅವರ ಷೇರುಗಳು ಅವರ ಖಾತೆಯಲ್ಲಿ ಹಾಗೇ ಇವೆ. ನಾನು ಮಾರುವುದನ್ನು ಕಾಯುತ್ತ.

ಭಾನುವಾರದ ಡಬ್ಬಿಯಲ್ಲಿ ಪೊರೆ ಇರಲಿಲ್ಲ. ಎಷ್ಟು ಕೆರೆದರೂ ಬರೀ ಸಿಪ್ಪೆಯ ಪುಡಿ ಉಗುರಿಗೆ ಬಂತು. ಒಳ್ಳೆಯ ಡಬ್ಬಿ, ಕಾಕಾ ಒಪ್ಪುತ್ತಿದ್ದರು. ನನ್ನ ಮುಖ ನೋಡಿ ಮಗಳಿಗೆ ಏನನ್ನಿಸಿತೋ, ತನ್ನ ತಾಟಿನ ವಡೆಯನ್ನು ಎತ್ತಿ ನನ್ನ ಇಡ್ಲಿಯ ಮೇಲಿಟ್ಟಳು. “ಮೇರಾ ಭೀ ತುಮ್ ಲೇ ಲೋ ಮಮ್ಮಿ. ಗರಮ್ ಹೈ.” ತನ್ನದನ್ನೂ ನಾನೇ ತಿನ್ನಬೇಕಂತೆ, ಬಿಸಿ ಇದೆಯಂತೆ.

“ನಂದು ಮುಳುಗಿರ್ಲಿಲ್ರಿ ಕಾಕಾ” ಎಂದೆ.

ಮಗಳು ಗಾಬರಿಯಾಗಿ ನನ್ನನ್ನೇ ನೋಡಿದಳು. “ಕ್ಯಾ? ಕೌನ್ ಕಾಕಾ?”

ಹೇಳಲು ಬಾಯಿ ತೆರೆದೆ. ಎದುರಿಗೆ ವಡೆ ಇತ್ತು, ಇನ್ನೂ ಹಬೆಯಾಡುತ್ತಿತ್ತು. “ಯಾರಿಲ್ಲವಾ, ನೀ ಉಣ್ಣು” ಎಂದೆ.