ಮದುವೆ ಜೋಡಿಗೆ ಸಾಹೇಬರ ಬುದ್ಧಿಮಾತು

ಕೊಪ್ಪದ ಬಳೆ ಅಂಗಡಿಯ ಅಸಾದುಲ್ಲಾ ಸಾಹೇಬರಿಗೆ ಮದುವೆ ಗೊತ್ತಾದ ಜೋಡಿ ಕಂಡರೆ ಸಾಕು, ಲೋಕದ ಮೇಲೆಲ್ಲ ಅನುಮಾನ ಹುಟ್ಟುತ್ತದೆ. "ಅಡಿಗೆಯವನನ್ನ ನಂಬಬೇಡಿ ಮಾರಾಯ್ರೆ, ತುಪ್ಪದ ಡಬ್ಬದ ಮೇಲೆ ಸೋದರತ್ತೆಯನ್ನೇ ಕೂರಿಸಿ. ವ್ಯಾನಿನವ ಊರು ದಾಟೋ ಮುಂಚೆ ಬಾಳಗಡಿಯಲ್ಲೇ ಗಾಡಿ ಕೆಟ್ಟಿತು ಅಂತಾನೆ, ಮದುಮಗನನ್ನ ಹಿಂದಿನ ದಿನವೇ ಬಸ್ಸು ಹತ್ತಿಸಿ." ವಾಲಗದವರು ಊದುತ್ತಿದ್ದಾರೋ, ಬರೀ ಕೆನ್ನೆ ಉಬ್ಬಿಸುತ್ತಿದ್ದಾರೋ ಎಂದು ಹತ್ತಿರ ಹೋಗಿ ಕಿವಿಗೊಡಬೇಕಂತೆ. ಮೊನ್ನೆ ಬಳೆ ತೊಡಲು ಬಂದ ವಸಂತಮ್ಮನ ಮಗಳು ಸುಮಿತ್ರೆ, "ನಂಗೆ ಕಲರ್ ಫೋಟೋ ಆಸೆ ಸಾಹೇಬ್ರೆ, ಫೋಟೋದವನನ್ನ ಹ್ಯಾಗೆ ಕಾಯೋದು?" ಎಂದಳು. ಸಾಹೇಬರು ತಲೆ ತಗ್ಗಿಸಿ ಬಳೆ ಆರಿಸತೊಡಗಿದರು. ಒಳಗಿನಿಂದ ಅವರ ಹೆಂಡತಿ ರಹಮತ್ ಬೀ ಹೇಳಿದರು: "ನಮ್ಮ ಮದುವೇಲಿ ರೀಲು ಹಾಕಿದಾನೋ ಇಲ್ವೋ ಅಂತ ಇವರು ಕ್ಯಾಮೆರಾ ಬಿಚ್ಚಿಸಿ ನೋಡಿದ್ರು. ಬೆಳಕು ಬಿದ್ದು ಒಂದು ಫೋಟೋನೂ ಉಳೀಲಿಲ್ಲ." ಸಾಹೇಬರು ಸುಮಿತ್ರೆಯ ಕೈಗೆ ಬಳೆ ಏರಿಸುತ್ತ, "ಫೋಟೋದವನೊಬ್ಬನನ್ನ ನಂಬು ಮಗಳೇ" ಎಂದರು.