ಸೊಸೆಗಾಗಿ ಗುಂಪು ಬಿಟ್ಟ ಅತ್ತೆ

“ಮೇಡಂ, ನನ್ನ ಸಿಂಧನೂರು ಗುಂಪಿಗೆ ಹಾಕ್ರಿ. ನಾ ಇಲ್ಲಿದ್ರ ನಮ್ಮ ಸೊಸಿ ಬಾಯಿ ಬಿಡಂಗಿಲ್ಲ!”

ನಮ್ಮ ಆನ್‌ಲೈನ್ ಹೊಲಿಗೆ ತರಬೇತಿಯ ನಡುವೆಯೇ ಮಸ್ಕಿಯ ಶಾಂತಮ್ಮ ಹೀಗೆಂದರು. ಎಲ್ಲರೂ ಮಾತಾಡಲಿ ಎಂದು ನಾನು ಸಿಂಧನೂರು, ಲಿಂಗಸುಗೂರು, ಮಸ್ಕಿ ಹೀಗೆ ಊರಿಗೊಂದು ಗುಂಪು ಮಾಡಿದ್ದೆ. ಶಾಂತಮ್ಮನ ಸೊಸೆ ರೇಣುಕಾ ಮಾತ್ರ ತುಟಿ ಬಿಚ್ಚಿರಲಿಲ್ಲ. ಅತ್ತೆಯನ್ನು ಆಚೆ ಕಳಿಸಿದ್ದೇ ತಡ, ಬ್ಲೌಸಿಗೆ ತೋಳು ಕೂಡಿಸುವುದನ್ನು ಮಸ್ಕಿ ಗುಂಪಿಗೆಲ್ಲ ಬಿಡಿಸಿ ಹೇಳತೊಡಗಿದಳು.

ಸಿಂಧನೂರು ಗುಂಪಿಗೆ ಇಣುಕಿದರೆ ಅಲ್ಲೂ ರೇಣುಕಾಳದೇ ದನಿ! ಅದೇ ಮನೆಯ ಪಕ್ಕದ ಕೋಣೆಯಲ್ಲಿದ್ದ ಅವಳ ಮಾತು ಅತ್ತೆಯ ಫೋನಿನಿಂದ ಕೇಳುತ್ತಿತ್ತು. ಮೈಕ್ ಬಂದ್ ಮಾಡಿ ಎಂದೆ.

“ಇರ್ಲಿ ಬಿಡ್ರಿ, ಇವರೂ ಕೇಳ್ಲಿ. ನಮ್ಮ ಸೊಸಿ ಹೇಳಾಕತ್ತಾಳ.”

ಈಗ ಗುಂಪು ಮಾಡುವಾಗ ನಾನು ಊರು ಕೇಳುವುದಿಲ್ಲ. ಯಾರೆದುರು ನಿಮ್ಮ ಬಾಯಿ ಕಟ್ಟುತ್ತದೆ ಎಂದು ಕೇಳುತ್ತೇನೆ.